ಚೆಂಬೂರಿನಿಂದ ವಡಾಲಾಗೆ: ಮೊನೊರೈಲಾ, ಹಾರ್ಬರ್ ಲೋಕಲ್ಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುಂಬೈಯ ಹಾರ್ಬರ್ ಲೈನಿನ ರೈಲಿಗೆ, ಅಂದರೆ ಲೋಕಲ್‌ಗೆ.

ಮುಂಬೈಗೆ ಹೊಸದಾಗಿ ಬರುವ ನಮ್ಮ ಕಡೆಯವರು ಚೆಂಬೂರಿನಲ್ಲಿ ಮನೆ ಹುಡುಕುವಾಗ ಬ್ರೋಕರ್ ಬಾಯಲ್ಲಿ ಮೊದಲು ಬರುವ ಮಾತು "ಮೊನೊರೈಲ್ ಪಕ್ಕದಲ್ಲೇ ಇದೆ". ನನಗೂ ಇದನ್ನೇ ಹೇಳಿದ್ದರು. ಆ ಮಾತಿಗೆ ಬಾಡಿಗೆ ಸ್ವಲ್ಪ ಜಾಸ್ತಿ. ನಾನು ರೈಲ್ವೆ ಸ್ಟೇಷನ್ ಹತ್ತಿರದ ಹಳೇ ಬಿಲ್ಡಿಂಗಿನಲ್ಲಿ ಮನೆ ಹಿಡಿದೆ. ಲಿಫ್ಟು ಆಗಾಗ ಕೆಡುತ್ತದೆ, ನೀರು ಬೆಳಿಗ್ಗೆ ಮಾತ್ರ. ಆದರೂ ಬೇಜಾರಿಲ್ಲ. ಕೆಲಸ ವಡಾಲಾದಲ್ಲಿ, ಹಾಗಾಗಿ ಎರಡರಲ್ಲೂ ಓಡಾಡಿ ನೋಡಿದ್ದೇನೆ. ಮೊನೊರೈಲಿನ ಮಾತೆಲ್ಲ 2025ರ ಸೆಪ್ಟೆಂಬರಿನಲ್ಲಿ ಅದು ನಿಲ್ಲುವ ಮೊದಲಿನದು.

ಮೊನೊರೈಲ್ ಚೆನ್ನಾಗಿಲ್ಲ ಅಂತಲ್ಲ. ಎ.ಸಿ. ಇತ್ತು. ಕೂರೋಕೆ ಸೀಟು ಸಿಗುತ್ತಿತ್ತು. ರಸ್ತೆಯ ಮೇಲೆ ಎತ್ತರದಲ್ಲಿ ಹೋಗುವಾಗ ಒಂದು ಕಡೆ ಎಣ್ಣೆ ಕಾರ್ಖಾನೆಯ ಟ್ಯಾಂಕುಗಳು, ಆಮೇಲೆ ಸಮುದ್ರದ ಹಿನ್ನೀರಿನ ಹಸಿರು. ಮಧ್ಯೆ ಒಂದು ಸ್ಟೇಷನ್ ಹೆಸರು ಮೈಸೂರ್ ಕಾಲೊನಿ. ಊರಿಂದ ಬಂದ ಅಮ್ಮ ಆ ಬೋರ್ಡು ನೋಡಿ "ಇಲ್ಲೇ ಇಳಿಯೋಣ ನಡಿ, ನಮ್ಮೋರು ಯಾರಾದ್ರೂ ಸಿಕ್ತಾರೆ" ಅಂದಿದ್ದರು. ಅಮ್ಮನ ಜೊತೆ ಹೋಗುವುದಾದರೆ ನಾನೂ ಲೋಕಲ್‌ಗಿಂತ ಮೊನೊರೈಲನ್ನೇ ಆರಿಸುತ್ತಿದ್ದೆ.

ದುಡ್ಡಿನ ಮಾತು ಒಂದೇ ಸಾಲು: ಲೋಕಲ್‌ನ ಕನಿಷ್ಠ ಟಿಕೆಟ್ 5 ರೂಪಾಯಿ, ಮೊನೊರೈಲ್‌ದು 10 ಇತ್ತು.

ನಿಜವಾದ ತಲೆನೋವು ಗಾಡಿಗಳ ಸಂಖ್ಯೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊನೊರೈಲ್ 2014ರ ಫೆಬ್ರವರಿಯಲ್ಲಿ ಚೆಂಬೂರ್ ಮತ್ತು ವಡಾಲಾ ನಡುವೆ ಶುರುವಾಯಿತು. ಈಗಿನ ಕಾಲದಲ್ಲಿ ದೇಶದಲ್ಲೇ ಮೊದಲನೆಯದು, ಪೇಪರಿನಲ್ಲೆಲ್ಲ ಅದೇ ಫೋಟೊ. 2019ರ ಮಾರ್ಚ್‌ನಲ್ಲಿ ಜೇಕಬ್ ಸರ್ಕಲ್‌ವರೆಗೆ ಹೋಯಿತು. ಒಟ್ಟು ಸುಮಾರು 20 ಕಿ.ಮೀ. ದಾರಿ. ಇದಕ್ಕೆ ಹಳಿ ಇಲ್ಲ. ಒಂದು ಕಾಂಕ್ರೀಟ್ ತೊಲೆಯ ಮೇಲೆ ರಬ್ಬರ್ ಚಕ್ರದಲ್ಲಿ ಗಾಡಿ ಕುದುರೆ ಹತ್ತಿದ ಹಾಗೆ ಕೂರುತ್ತದೆ. ನೋಡೋಕೆ ಚಂದ. ಆದರೆ ಆ ತೊಲೆಯ ಅಳತೆಗೆ ಹೊಂದುವ ಗಾಡಿ ಮಾತ್ರ ಅದರ ಮೇಲೆ ಓಡಬೇಕು. ಗಾಡಿ ಕೊಟ್ಟ ಕಂಪನಿ ಮಲೇಷ್ಯಾದ್ದು. 2018ರ ಡಿಸೆಂಬರ್‌ನಲ್ಲಿ ಆ ಗುತ್ತಿಗೆ ರದ್ದಾಯಿತು. ಆಮೇಲೆ ಬಿಡಿಭಾಗಕ್ಕೂ ಪರದಾಟ, ಗಾಡಿಗೂ ಪರದಾಟ. ಇರುವ ಕೆಲವೇ ಗಾಡಿಗಳಲ್ಲಿ ದಿನ ದೂಡಬೇಕಿತ್ತು. ಹೀಗಾಗಿ ಒಂದು ಹೋದರೆ ಇನ್ನೊಂದಕ್ಕೆ ಕಾಲು ಗಂಟೆ ಕಾಯಬೇಕಿತ್ತು. ಇಷ್ಟು ಸಣ್ಣ ದಾರಿಗೆ ಕಾಲು ಗಂಟೆ ಕಾಯುವುದಾದರೆ ಆ ಎ.ಸಿ. ಇಟ್ಟುಕೊಂಡು ಏನು ಮಾಡೋದು? ನಾನು ಟೈಮ್ ನೋಡಿ ಮನೆ ಬಿಡುವ ಜಾತಿಯಲ್ಲ. ಕೊನೇ ಗುಟುಕು ಕಾಫಿ ಕುಡಿದು ಓಡುವವಳು. ಹಾರ್ಬರ್ ಲೈನಿನಲ್ಲಿ ಒಂದು ಗಾಡಿ ತಪ್ಪಿದರೆ ಬೆನ್ನಿಗೇ ಇನ್ನೊಂದು ಬರುತ್ತದೆ.

ಹಾರ್ಬರ್ ಲೈನಿನ ಕಥೆ ಪೂರ್ತಿ ಉಲ್ಟಾ. ದೇಶದ ಮೊದಲ ಕರೆಂಟ್ ರೈಲು 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ (ಈಗಿನ ಸಿ.ಎಸ್.ಎಂ.ಟಿ. ಸ್ಟೇಷನ್) ಕುರ್ಲಾಕ್ಕೆ ಓಡಿದ್ದು ಇದೇ ದಾರಿಯಲ್ಲಿ. ನೂರು ವರ್ಷದ ಹಳೇ ಸಾಮಾನು. 2016ರಲ್ಲಿ ಇಲ್ಲಿ 1,500 ವೋಲ್ಟ್ ಡಿ.ಸಿ. ತೆಗೆದು 25,000 ವೋಲ್ಟ್ ಎ.ಸಿ. ಕರೆಂಟ್ ಹಾಕಿದರು. 9 ಡಬ್ಬಿಯ ಗಾಡಿಗಳ ಜಾಗಕ್ಕೆ 12 ಡಬ್ಬಿಯವು ಬಂದವು. ಇದಕ್ಕೆಲ್ಲ ಲೈನನ್ನು ತಿಂಗಳುಗಟ್ಟಲೆ ಮುಚ್ಚಲಿಲ್ಲ. ಗಾಡಿ ಚೆನ್ನೈಯ ರೈಲು ಡಬ್ಬಿ ಕಾರ್ಖಾನೆ ಐ.ಸಿ.ಎಫ್.ನಿಂದ ಬರಲಿ, ಬೇರೆ ಕಡೆಯಿಂದ ಬರಲಿ, ಹಳಿ ಅದೇ ಬ್ರಾಡ್ ಗೇಜ್. ಮೆಟ್ರೊದ ಕಥೆಯೂ ಇಷ್ಟೇ: ಮುಂಬೈಯ 2ಎ ಮತ್ತು 7ನೇ ಲೈನಿನ ಗಾಡಿಗಳನ್ನು ಮಾಡಿದ್ದು ನಮ್ಮ ಬೆಂಗಳೂರಿನ ಬಿ.ಇ.ಎಂ.ಎಲ್. ಒಬ್ಬರು ಕೈಕೊಟ್ಟರೆ ಇನ್ನೊಬ್ಬರು ಸಿಗುತ್ತಾರೆ.

ಇನ್ನು 2025ರ ಆಗಸ್ಟ್ 19. ಅವತ್ತು ಜೋರು ಮಳೆ. ಹಳಿ ಮೇಲೆ ನೀರು ನಿಂತು ಹಾರ್ಬರ್ ಲೈನೇ ಬಂದ್. ಹೌದು, ನನ್ನ ಮೆಚ್ಚಿನ ಲೋಕಲ್ ಅವತ್ತು ಕೈಕೊಟ್ಟಿತು. ಜನ ಮೊನೊರೈಲ್‌ಗೆ ನುಗ್ಗಿದರು. ನಾಲ್ಕು ಡಬ್ಬಿಯ ಆ ಗಾಡಿಯ ಭಾರದ ಮಿತಿ 104 ಟನ್, ಅವತ್ತು 109 ಟನ್ ಆಯಿತು. ಭಾರಕ್ಕೆ ಕರೆಂಟಿನ ಪಟ್ಟಿಯ ಸಂಪರ್ಕ ತಪ್ಪಿ, ಮೈಸೂರ್ ಕಾಲೊನಿ ಹತ್ತಿರ ಗಾಡಿ ನಿಂತಿತು. ಎ.ಸಿ. ಬಂದ್, ಕಿಟಕಿ ತೆರೆಯುವಂತಿಲ್ಲ, ಒಳಗೆ ಉಸಿರುಗಟ್ಟಿತು. ಪಕ್ಕದಲ್ಲಿ ಇಳಿದು ನಡೆಯೋಕೆ ಜಾಗವೇ ಇಲ್ಲ, ಬರೀ ತೊಲೆ. ಅಗ್ನಿಶಾಮಕದವರು ಏಣಿ ಹಾಕಿ 582 ಜನರನ್ನು ಇಳಿಸುವಷ್ಟರಲ್ಲಿ ಗಂಟೆಗಳೇ ಹೋದವು. ಲೋಕಲ್ ನಿಂತರೆ ಜನ ಬೈದುಕೊಂಡು ಹಳಿಗೆ ಇಳಿದು ನಡೆಯುತ್ತಾರೆ. ಅದು ಸರಿ ಅಂತ ಹೇಳುತ್ತಿಲ್ಲ, ದಾರಿ ಅಂತೂ ಇದೆ. 2017ರ ನವೆಂಬರ್‌ನಲ್ಲಿ ಮೊನೊರೈಲ್‌ಗೆ ಬೆಂಕಿ ಬಿದ್ದಾಗಲೂ ಮೈಸೂರ್ ಕಾಲೊನಿಯೇ. ಪುಣ್ಯಕ್ಕೆ ಗಾಡಿ ಖಾಲಿ ಇತ್ತು, ಆದರೂ ಸೇವೆ ಮತ್ತೆ ಶುರುವಾಗಲು 2018ರ ಸೆಪ್ಟೆಂಬರ್ ಬಂತು. ಕೊನೆಗೆ ಹೊಸ ಗಾಡಿ, ಹೊಸ ಸಿಗ್ನಲ್ ಹಾಕಬೇಕು ಅಂತ 2025ರ ಸೆಪ್ಟೆಂಬರ್ 20ರಿಂದ ಪೂರ್ತಿ ನಿಲ್ಲಿಸಿದರು.

ಲೋಕಲ್‌ನ ದೋಷ ಮುಚ್ಚಿಡೋಕಾಗಲ್ಲ. ಮುಂಬೈಯ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಸಂಜೆ ಲೇಡೀಸ್ ಡಬ್ಬಿಯಲ್ಲಿ ಬಾಗಿಲಿಗೆ ಜೋತುಬಿದ್ದ ಹುಡುಗಿಯರನ್ನು ನೋಡಿದರೆ ಈಗಲೂ ಎದೆ ಝಲ್ ಅನ್ನುತ್ತೆ. ನನ್ನ ಸಿಟ್ಟು ಇಲ್ಲೇ ಇರೋದು. ಮೊನೊರೈಲ್‌ಗೆ ಸುರಿದ ದುಡ್ಡಿನಲ್ಲಿ ಒಂದಿಷ್ಟು ಈ ಲೈನಿನ ಮೋರಿಗೆ, ಪಾದಚಾರಿ ಸೇತುವೆಗೆ, ಮುಚ್ಚುವ ಬಾಗಿಲಿನ ಡಬ್ಬಿಗೆ ಬಂದಿದ್ದರೆ? ಅದಕ್ಕೆ ಯಾರೂ ರಿಬ್ಬನ್ ಕಟ್ ಮಾಡಲ್ಲ, ಅಲ್ವಾ?

ರಿಬ್ಬನ್ ಕಟ್ ಮಾಡುವ ಹೊಸ ಗಾಡಿಗಳ ಆಸೆ ನಮ್ಮವರು ಇನ್ನೂ ಬಿಟ್ಟಿಲ್ಲ ನೋಡಿ. 2018ರಲ್ಲಿ ಒಂದು ಕಂಪನಿಯ ಹೈಪರ್‌ಲೂಪ್ (ಗಾಳಿ ತೆಗೆದ ಕೊಳವೆಯೊಳಗೆ ಓಡುವ ಗಾಡಿ) ಬರುತ್ತೆ, ಮುಂಬೈ-ಪುಣೆ 25 ನಿಮಿಷ ಅಂದರು. 2020ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದವರೂ ಅದೇ ಕಂಪನಿ ಜೊತೆ ಅಧ್ಯಯನಕ್ಕೆ ಒಪ್ಪಂದ ಮಾಡಿಕೊಂಡರು. ಏರ್‌ಪೋರ್ಟಿನಿಂದ ಊರಿಗೆ 10 ನಿಮಿಷವಂತೆ. 2023ರ ಕೊನೆಗೆ ಆ ಕಂಪನಿಯೇ ಬಾಗಿಲು ಹಾಕಿತು. ಪುಣೆಗೆ ನಾನು ಇವತ್ತಿಗೂ ಹೋಗೋದು 1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್‌ನಲ್ಲೇ. ಮೂರು ಗಂಟೆ ಚಿಲ್ಲರೆ, ಜೊತೆಗೆ ಆಮ್ಲೆಟ್.

ತಿಂಗಳಿಗೆ ಲೆಕ್ಕ ಹಾಕಿ ಬದುಕುವವರಿಗೆ, ನನ್ನ ಹಾಗೆ ತಡವಾಗಿ ಮನೆ ಬಿಡುವವರಿಗೆ ಸೆಕೆಂಡ್ ಕ್ಲಾಸ್ ಪಾಸು ಸಾಕು. ಮಳೆ ಜೋರಿದ್ದರೆ ಮಾತ್ರ ಮನೆ ಬಿಡುವ ಮುಂಚೆ ಹಾರ್ಬರ್ ಓಡುತ್ತಿದೆಯಾ ಅಂತ ವಿಚಾರಿಸಿ. ಮೊನೊರೈಲ್ ದಾರಿಯ ಅಂಟಾಪ್ ಹಿಲ್ ಕಡೆ ಕೆಲಸ ಇದ್ದು, ಗರ್ದಿ ಆಗೋದೇ ಇಲ್ಲ ಅನ್ನುವವರಿಗೆ ಹೊಸ ಗಾಡಿಗಳು ಬಂದ ಮೇಲೆ ಮೊನೊರೈಲ್ ಅನುಕೂಲ ಆಗಬಹುದು. ಎಷ್ಟು ನಿಮಿಷಕ್ಕೊಂದು ಓಡುತ್ತೆ ಅಂತ ಮೊದಲು ಕೇಳಿಕೊಳ್ಳಿ. ಮನೆ ನೋಡುವಾಗ ಬ್ರೋಕರ್ "ಮೊನೊರೈಲ್ ಪಕ್ಕ" ಅಂದರೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ಚೆಂಬೂರ್ ರೈಲ್ವೆ ಸ್ಟೇಷನ್ನಿಗೆ ನೀವೇ ಒಮ್ಮೆ ನಡೆದು ನೋಡಿ. ಭಾನುವಾರ ಮಾತ್ರ ಹೋಗಬೇಡಿ, ರಿಪೇರಿಗೆ ಲೈನು ಬಂದ್ ಮಾಡುವ ಮೆಗಾ ಬ್ಲಾಕ್ ಇರುತ್ತೆ.