ಹಳೆ ಆಂಪ್ಲಿಫೈಯರ್‌ಗೆ ವೀಮ್ ಪ್ರೋ: ಚಿರೆಕಲ್ಲಿನ ಮನೆಗೆ ಲ್ಯಾನ್ ಪೋರ್ಟೇ ಮುಖ್ಯ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲೂ ಹಳೆಯ ಸ್ಟೀರಿಯೋ ಸೆಟ್ ಉಳಿಸಿಕೊಂಡ ಮನೆಗಳ ಕತೆ ಹೆಚ್ಚುಕಡಿಮೆ ಒಂದೇ. ಆಂಪ್ಲಿಫೈಯರ್ ಸರಿಯಿದೆ, ಸ್ಪೀಕರ್ ಸರಿಯಿವೆ. ಕ್ಯಾಸೆಟ್ ಡೆಕ್ಕಿನ ಬೆಲ್ಟ್ ಕರಗಿ ಅಂಟಾಗಿದೆ, ಸಿಡಿ ಪ್ಲೇಯರ್ ಡಿಸ್ಕ್ ಓದುವುದಿಲ್ಲ, ಹಾಡೆಲ್ಲ ಫೋನಿಗೆ ಹೋಗಿದೆ. ಫೋನಿನ ಹಾಡನ್ನು ಆ ಹಳೆ ಸೆಟ್‌ಗೆ ಮುಟ್ಟಿಸುವ ಪೆಟ್ಟಿಗೆಗಳಲ್ಲಿ ಲಿಂಕ್‌ಪ್ಲೇ ಕಂಪನಿಯ ವೀಮ್ ಸರಣಿ ಬೆಲೆಗೆ ತಕ್ಕ ಮಾಲು. ಅಮೆರಿಕದಲ್ಲಿ ಬಿಡುಗಡೆಯಾದಾಗ ಮಿನಿಗೆ 99 ಡಾಲರ್, ಪ್ರೋಗೆ 149, ಪ್ರೋ ಪ್ಲಸ್‌ಗೆ 219 ಡಾಲರ್ ಇತ್ತು. ನಮ್ಮ ಜಿಲ್ಲೆಯ ಮನೆಗಳಿಗೆ ಇವುಗಳಲ್ಲಿ ಹೊಂದುವುದು ನಡುವಿನ ಪ್ರೋ. ಅದಕ್ಕೆ ದೊಡ್ಡ ಕಾರಣ ಧ್ವನಿಯ ಗುಣಮಟ್ಟವಲ್ಲ, ಹಿಂಬದಿಯಲ್ಲಿರುವ ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ತಂತಿ ಚುಚ್ಚುವ ಸಾಕೆಟ್.

ಮಿನಿಯಲ್ಲಿ ಲ್ಯಾನ್ ಪೋರ್ಟ್ ಇಲ್ಲ, ಬರೀ ವೈಫೈ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದು ಕೊರತೆಯೇ ಅಲ್ಲ. ಆದರೆ ಒಂದಡಿ ದಪ್ಪದ ಚಿರೆಕಲ್ಲಿನ ಗೋಡೆಯನ್ನು 5 ಗಿಗಾಹರ್ಟ್ಸ್ ಸಿಗ್ನಲ್ ಒಮ್ಮೆ ದಾಟಿದರೇ ಸೊರಗುತ್ತದೆ. ಎರಡು ಗೋಡೆ ದಾಟುವಷ್ಟರಲ್ಲಿ ಅದನ್ನು ನಂಬುವ ಹಾಗಿಲ್ಲ. ಮಳೆಗಾಲದಲ್ಲಿ ಕಲ್ಲು ನೀರು ಕುಡಿದಿರುತ್ತದೆ, ರೇಡಿಯೋ ಅಲೆಯನ್ನು ನೀರು ಚೆನ್ನಾಗಿಯೇ ಹೀರುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಸುಸೂತ್ರ ನಡೆದ ಜೋಡಣೆ ಜುಲೈಯಲ್ಲಿ ತಡವರಿಸುವುದುಂಟು. 2.4 ಗಿಗಾಹರ್ಟ್ಸ್ ಇನ್ನಷ್ಟು ದೂರ ಹೋಗುತ್ತದೆ, ಆದರೆ ಬ್ಲೂಟೂತ್, ಮೈಕ್ರೋವೇವ್ ಒಲೆ, ಅಕ್ಕಪಕ್ಕದ ರೂಟರ್ ಎಲ್ಲಕ್ಕೂ ಅದೇ ದಾರಿ. ರೂಟರ್ ಜಗಲಿಯಲ್ಲಿ, ಸೆಟ್ ನಡುಮನೆಯಲ್ಲಿ ಇರುವಲ್ಲಿ ಒಂದು ತಂತಿ ಎಳೆದುಬಿಡುವುದೇ ಜಾಣತನ.

ತಂತಿ ಎಳೆಯುವ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಕ್ಯಾಟ್ 6 ಕೇಬಲ್ ಸಾಕು, ಪ್ರೋದ ಪೋರ್ಟ್ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದ್ದು. ಸಿಡಿ ಗುಣಮಟ್ಟದ ಸಂಗೀತಕ್ಕೆ, ಸ್ವಲ್ಪವೂ ಕುಗ್ಗಿಸದೆ ಕಳಿಸಿದರೂ, ಬೇಕಾಗುವುದು ಸುಮಾರು 1.4 ಎಂಬಿಪಿಎಸ್, 24 ಬಿಟ್, 192 ಕಿಲೋಹರ್ಟ್ಸ್ ಫೈಲಿಗೂ 10ರ ಒಳಗೇ. ಕೇಬಲ್ ಶುದ್ಧ ತಾಮ್ರದ್ದಾಗಿರಲಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಸಮುದ್ರದ ಉಪ್ಪುಗಾಳಿಯಲ್ಲಿ ಬಾಳುವುದಿಲ್ಲ, ಬಗ್ಗಿಸಿದಲ್ಲಿ ಮುರಿಯುತ್ತದೆ. ಲೋಹದ ಹೊದಿಕೆಯ ಎಸ್‌ಟಿಪಿ ಬೇಡ, ಸಾದಾ ಯುಟಿಪಿ ತನ್ನಿ. ಯುಟಿಪಿಯಲ್ಲಿ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಎರಡು ಉಪಕರಣಗಳನ್ನು ವಿದ್ಯುತ್ತಿನ ಮಟ್ಟಿಗೆ ಬೇರ್ಪಡಿಸಿರುತ್ತದೆ. ಹೊದಿಕೆಯ ಕೇಬಲ್ ಹಾಕಿದರೆ ರೂಟರ್ ಕಡೆಯ ಅರ್ಥಿಂಗ್ ಆಂಪ್ಲಿಫೈಯರ್‌ವರೆಗೂ ಬಂದು ಸ್ಪೀಕರಿನಲ್ಲಿ ಗುಂಯ್ ಎನ್ನತೊಡಗಬಹುದು.

ಚಿರೆಕಲ್ಲು ಮೆದು, ಕೊರೆಯುವುದು ಕಷ್ಟವಲ್ಲ. 10 ಮಿಲಿಮೀಟರಿನ ಮೇಸನ್ರಿ ಬಿಟ್ ಸಾಕು, ಆದರೆ ತೂತಿನಲ್ಲಿ ಕನೆಕ್ಟರ್ ತೂರುವುದಿಲ್ಲ. ಬರೀ ಕೇಬಲ್ ಎಳೆದು, ಆಮೇಲೆ ಎರಡೂ ತುದಿಗೆ ಆರ್‌ಜೆ45 ಕನೆಕ್ಟರ್ ಕ್ರಿಂಪ್ ಮಾಡಿಸಿ, ಎರಡೂ ಕಡೆ ಒಂದೇ ಬಣ್ಣದ ಕ್ರಮದಲ್ಲಿ. ಹೊರಗೋಡೆಯಾದರೆ ತೂತು ಹೊರಗಡೆಗೆ ಇಳಿಜಾರಾಗಿರಲಿ, ಹೊರಗಿನ ಕೇಬಲ್ ತೂತಿಗಿಂತ ಒಂದು ಗೇಣು ಕೆಳಗೆ ಜೋತು ಬಿದ್ದು ಮೇಲೆ ಬರಲಿ. ಇಲ್ಲದಿದ್ದರೆ ಆಷಾಢದ ಗಾಳಿಮಳೆಯ ನೀರು ಕೇಬಲ್ ಹಿಡಿದುಕೊಂಡೇ ಮನೆಯೊಳಗೆ ಬರುತ್ತದೆ.

ಇನ್ನು ಆಂಪ್ಲಿಫೈಯರಿನ ಹಿಂಬದಿ. ಪ್ರೋದಲ್ಲಿ ಆರ್‌ಸಿಎ (ಎಡ, ಬಲಕ್ಕೆ ಒಂದೊಂದು ಸಾಕೆಟ್) ಲೈನ್ ಔಟ್, ಆಪ್ಟಿಕಲ್ ಔಟ್, ಕೊಆಕ್ಸಿಯಲ್ ಔಟ್ ಮೂರೂ ಇವೆ. ಲೈನ್ ಇನ್, ಆಪ್ಟಿಕಲ್ ಇನ್ ಕೂಡ ಇವೆ. ಹಳೆ ಸೆಟ್‌ಗೆ ಬೇಕಾದದ್ದು ಲೈನ್ ಔಟ್. ಅದನ್ನು ಸಿಡಿ, ಆಕ್ಸ್, ಟ್ಯೂನರ್, ಟೇಪ್ ಎಂದು ಬರೆದ ಯಾವುದೇ ಜೋಡಿ ಸಾಕೆಟ್‌ಗೆ ಹಾಕಬಹುದು, ಫೋನೋ ಎಂದು ಬರೆದಲ್ಲಿಗೆ ಮಾತ್ರ ಬೇಡ. ಗ್ರಾಮಫೋನ್ ಕಾರ್ಟ್ರಿಜ್ಜಿನ ಕೆಲವೇ ಮಿಲಿವೋಲ್ಟ್‌ಗಾಗಿ ಇರುವ ಸಾಕೆಟ್ ಅದು. ಅಲ್ಲಿ 2 ವೋಲ್ಟ್ ಕೊಟ್ಟರೆ ಒಡಕು ಸದ್ದೇ ಬರುತ್ತದೆ. 1980ರ ದಶಕದ ಕೆಲವು ಸೆಟ್‌ಗಳಲ್ಲಿ ಆರ್‌ಸಿಎ ಬದಲು ಐದು ಪಿನ್ನಿನ ದುಂಡು ಡಿನ್ ಸಾಕೆಟ್ ಇರುತ್ತದೆ. ಡಿನ್‌ನಿಂದ ಆರ್‌ಸಿಎಗೆ ಹೋಗುವ ಕೇಬಲ್ ಸಿಗುತ್ತದೆ, ಮಾಡಿಸಿಕೊಳ್ಳಲೂಬಹುದು: ಟೇಪ್ ಸಾಕೆಟ್ಟಿನಲ್ಲಿ ಪಿನ್ 3 ಎಡಕ್ಕೆ, ಪಿನ್ 5 ಬಲಕ್ಕೆ, ಪಿನ್ 2 ನೆಲ. 1 ಮತ್ತು 4 ರೆಕಾರ್ಡಿಂಗಿಗೆ ಹೊರಹೋಗುವ ಸಂಕೇತ. ಅವನ್ನು ಹಿಡಿದರೆ ಸದ್ದೇ ಬರದು, ಆಗ ಪೆಟ್ಟಿಗೆ ಕೆಟ್ಟಿದೆ ಎಂದು ವಾಪಸ್ ಕಳಿಸಲು ಹೊರಡಬೇಡಿ.

ಹಳೆ ಸೆಟ್‌ಗಳ ಇನ್‌ಪುಟ್ 200 ಮಿಲಿವೋಲ್ಟ್ ಆಸುಪಾಸಿಗೇ ತುಂಬಿಬಿಡುವಂಥದು. ಪ್ರೋದ 2 ವೋಲ್ಟ್ ಅದಕ್ಕೆ ಅತಿಯಾಯಿತು. ವಾಲ್ಯೂಮ್ ಗುಬಟೆ ಎಂಟು ಗಂಟೆಯ ಗುರುತು ದಾಟುವಷ್ಟರಲ್ಲಿ ಮನೆ ತುಂಬಾ ಗದ್ದಲ, ಸಣ್ಣ ಸದ್ದಿನಲ್ಲಿ ಕೇಳಬೇಕೆಂದರೆ ಹಿಡಿತಕ್ಕೇ ಸಿಗದು. ಫೋನಿನ ವೀಮ್ ಆಪ್‌ನ ಸೆಟಿಂಗ್ಸ್‌ನಲ್ಲಿ ಲೈನ್ ಔಟ್ ಮಟ್ಟ ಇಳಿಸುವ ಸೌಲಭ್ಯವಿದೆ, ಮೊದಲು ಅಲ್ಲಿ ಕನಿಷ್ಠಕ್ಕೆ ಇಳಿಸಿ. ಆಮೇಲೆ ಫಿಕ್ಸೆಡ್ ವಾಲ್ಯೂಮ್ (ಪ್ರೋದಿಂದ ಸದಾ ಒಂದೇ ಮಟ್ಟದ ಸದ್ದು) ಹಾಕಿ, ಸದ್ದನ್ನು ಆಂಪ್ಲಿಫೈಯರಿನ ಗುಬಟೆಯಲ್ಲೇ ನಿಯಂತ್ರಿಸಿ. ಪ್ರೋವನ್ನು ನೇರ ಪವರ್ ಆಂಪ್ಲಿಫೈಯರ್‌ಗೋ ಆಕ್ಟಿವ್ ಸ್ಪೀಕರ್‌ಗೋ ಜೋಡಿಸಿದವರು ಮಾತ್ರ ಫಿಕ್ಸೆಡ್ ಆಯ್ಕೆ ಮುಟ್ಟಲೇಬಾರದು. ಒಮ್ಮೆಗೇ ಪೂರ್ತಿ ಸದ್ದು ಬಂದು ಸ್ಪೀಕರಿನ ಟ್ವೀಟರ್ ಸುಟ್ಟೀತು.

ಮೊದಲ ದಿನ ಅತಿ ಹೆಚ್ಚು ಕೇಳಿಬರುವ ದೂರು: ಆಪ್‌ಗೆ ಪೆಟ್ಟಿಗೆ ಕಾಣುವುದೇ ಇಲ್ಲ. ಕಾರಣ ಬಹುತೇಕ ಒಂದೇ. ಫೈಬರ್ ಸಂಪರ್ಕ ಕೊಟ್ಟವರು ಗೋಡೆಗೆ ಹೊಡೆದ ಓಎನ್‌ಟಿ ಪೆಟ್ಟಿಗೆಗೇ ವೈಫೈ ಇರುತ್ತದೆ. ಒಳಕೋಣೆಗೆ ಸಿಗ್ನಲ್ ಸಾಲದೆಂದು ಮನೆಯವರು ಇನ್ನೊಂದು ರೂಟರ್ ತಂದು ಅದರ ವ್ಯಾನ್ (ಹೊರಗಿನ ಇಂಟರ್‌ನೆಟ್ ಬರುವ) ಪೋರ್ಟಿಗೆ ತಂತಿ ಕೊಟ್ಟಿರುತ್ತಾರೆ. ಆಗ ಮನೆಯೊಳಗೆ ಎರಡು ಪ್ರತ್ಯೇಕ ನೆಟ್‌ವರ್ಕ್ ಆಯಿತು. ಒಂದರಲ್ಲಿ ವಿಳಾಸ 192.168.1 ಎಂದು ಶುರು, ಇನ್ನೊಂದರಲ್ಲಿ 192.168.0 ಎಂದು. ಫೋನ್ ಇಲ್ಲಿ, ವೀಮ್ ಅಲ್ಲಿ. ಇಂಟರ್‌ನೆಟ್ ಎರಡಕ್ಕೂ ಸಿಗುತ್ತದೆ, ಒಂದಕ್ಕೊಂದು ಮಾತ್ರ ಕಾಣುವುದಿಲ್ಲ. ಎರಡನೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ಮುಗಿಯಿತು. ಆ ಮೋಡ್ ಇಲ್ಲದ ಹಳೆ ರೂಟರಾದರೆ ಅದರ ಡಿಎಚ್‌ಸಿಪಿ (ತಾನೇ ವಿಳಾಸ ಹಂಚುವ ಸೌಲಭ್ಯ) ನಿಲ್ಲಿಸಿ, ಅದರ ವಿಳಾಸವನ್ನು ಓಎನ್‌ಟಿಗೆ ತಾಗದ ಹಾಗೆ ಬದಲಿಸಿ, ತಂತಿಯನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಬೇಕು. ಗೆಸ್ಟ್ ನೆಟ್‌ವರ್ಕಿನಲ್ಲಿ ಫೋನ್ ಇದ್ದರೂ ಇದೇ ತೊಂದರೆ.

ಏನು ಕೇಳುತ್ತೀರಿ ಎನ್ನುವುದರ ಮೇಲೂ ಪ್ರೋ ಬೇಕೋ ಮಿನಿ ಸಾಕೋ ನಿರ್ಧಾರವಾಗುತ್ತದೆ. ಎರಡರಲ್ಲೂ ವೈಫೈ ಮೂಲಕ ಹಾಡು ಕಳಿಸುವ ಆಪಲ್‌ನ ಏರ್‌ಪ್ಲೇ 2 ಮತ್ತು ಸ್ಪಾಟಿಫೈ ಕನೆಕ್ಟ್ ಇದೆ, ಹಾಗಾಗಿ ಐಫೋನ್ ಇರುವವರಿಗೆ ಮಿನಿಯೂ ನಡೆದೀತು. ಆಂಡ್ರಾಯ್ಡ್ ಫೋನಿನಲ್ಲಿ ಯೂಟ್ಯೂಬ್ ಮ್ಯೂಸಿಕ್ ಕೇಳುವವರಿಗೆ ಬೇಕಾದ ಗೂಗಲ್‌ನ ಕ್ರೋಮ್‌ಕಾಸ್ಟ್ ಸೌಲಭ್ಯ ಪ್ರೋದಲ್ಲಿದೆ, ಮಿನಿಯಲ್ಲಿಲ್ಲ. ಮಿನಿಯಲ್ಲಾದರೆ ಬ್ಲೂಟೂತೇ ಗತಿ. ಬ್ಲೂಟೂತ್ ಎಂದರೆ ಹಾಡಿನ ನಡುವೆ ವಾಟ್ಸಾಪ್ ಟಿಂಗ್ ಸದ್ದೂ ಸ್ಪೀಕರಿನಲ್ಲೇ ಬರುತ್ತದೆ, ಫೋನ್ ಹಿಡಿದು ತೋಟಕ್ಕೆ ಹೊರಟರೆ ಹಾಡೂ ನಿಲ್ಲುತ್ತದೆ.

ಯಕ್ಷಗಾನಪ್ರಿಯರು ಗಮನಿಸಬೇಕಾದ್ದು ಇದು. ಆಟ, ತಾಳಮದ್ದಳೆಯ ರೆಕಾರ್ಡಿಂಗುಗಳು ಹೆಚ್ಚಾಗಿ ಇರುವುದು ಸಾದಾ ಯೂಟ್ಯೂಬಿನಲ್ಲಿ. ಆ ಆಪ್ ಪರದೆಯಿಲ್ಲದ ಆಡಿಯೋ ಪೆಟ್ಟಿಗೆಗೆ ಕಾಸ್ಟ್ ಮಾಡುವುದಿಲ್ಲ. ದಾರಿ ಇನ್ನೊಂದಿದೆ: ಟಿವಿಯಲ್ಲಿ ಯೂಟ್ಯೂಬ್ ಹಚ್ಚಿ, ಟಿವಿಯ ಆಪ್ಟಿಕಲ್ ಔಟ್‌ನಿಂದ ಪ್ರೋದ ಆಪ್ಟಿಕಲ್ ಇನ್‌ಗೆ ಒಂದು ಕೇಬಲ್ ಕೊಡಿ. ಟಿವಿಯ ಡಿಜಿಟಲ್ ಆಡಿಯೋ ಸೆಟಿಂಗ್ ಪಿಸಿಎಂ ಎಂದಿರಬೇಕು. ಬಿಟ್‌ಸ್ಟ್ರೀಮ್ ಅಥವಾ ಡಾಲ್ಬಿ ಎಂದಿದ್ದರೆ ಮೌನ, ಇಲ್ಲವೇ ಕರಕರ. ಚಂಡೆಯ ಪೆಟ್ಟು ಟಿವಿಯ ತೆಳು ಸ್ಪೀಕರಿನಿಂದ ಹಳೆ ಪೆಟ್ಟಿಗೆ ಸ್ಪೀಕರಿಗೆ ಬಂದಾಗ ಆಗುವ ವ್ಯತ್ಯಾಸ ಯಾವ ದುಬಾರಿ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಸದ್ದಿನ ಸಂಕೇತವಾಗಿಸುವ ಚಿಪ್) ತರುವ ವ್ಯತ್ಯಾಸಕ್ಕಿಂತಲೂ ದೊಡ್ಡದು. ಆಕಾಶವಾಣಿ ಧಾರವಾಡ ಬೇಕೆನ್ನುವವರು ನ್ಯೂಸ್ ಆನ್ ಏರ್ ಆಪ್‌ನಿಂದ ಏರ್‌ಪ್ಲೇ ಅಥವಾ ಬ್ಲೂಟೂತ್ ಮೂಲಕ ಕಳಿಸಬಹುದು.

ಸ್ವಂತ ಸಂಗ್ರಹ ಇಟ್ಟುಕೊಂಡವರಿಗೆ ಸ್ವಲ್ಪ ನಿರಾಸೆ: ಪ್ರೋದಲ್ಲಿ ಪೆನ್‌ಡ್ರೈವ್ ಚುಚ್ಚಲು ಜಾಗವಿಲ್ಲ, ಅದು ಇದೇ ಸರಣಿಯ ದುಬಾರಿ ಅಲ್ಟ್ರಾದಲ್ಲಿದೆ. (ಅಲ್ಟ್ರಾದಲ್ಲಿ ಏರ್‌ಪ್ಲೇ ಇಲ್ಲ, ಐಫೋನ್ ಮನೆಯವರು ನೋಡಿಕೊಂಡು ಕೊಳ್ಳಿ.) ಯುಎಸ್‌ಬಿ ಪೋರ್ಟ್ ಇರುವ ರೂಟರಿಗೆ ಡ್ರೈವ್ ಹಾಕಿ ಮೀಡಿಯಾ ಶೇರಿಂಗ್ ಚಾಲೂ ಮಾಡಿದರೆ ವೀಮ್ ಆಪ್‌ನಲ್ಲಿ ಅದು ಕಾಣುತ್ತದೆ. ಹಿಂದೆ ನುಡಿ, ಬರಹದ ಹಳೆ ಫಾಂಟಿನಲ್ಲಿ ಹೆಸರು ಕೊಟ್ಟ ಎಂಪಿ3ಗಳು ಅಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಮೂಡುತ್ತವೆ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಯೂನಿಕೋಡಿನಲ್ಲಿ ಮತ್ತೆ ಹೆಸರು ಕೊಡದೆ ಬೇರೆ ದಾರಿಯಿಲ್ಲ.

ಹಿಂದೂಸ್ತಾನಿ ಕೇಳುವವರಿಗೆ ಇನ್ನೊಂದು ಕಿರಿಕಿರಿ. ಸಿಡಿಯಲ್ಲಿ ಬಡಾ ಖ್ಯಾಲ್ ಒಂದು ಟ್ರ್ಯಾಕ್, ಛೋಟಾ ಖ್ಯಾಲ್ ಇನ್ನೊಂದು. ನಡುವೆ ತಂಬೂರಿ ನಿಲ್ಲುವುದಿಲ್ಲ. ಎಂಪಿ3 ಮಾಡುವಾಗ ಫೈಲಿನ ಮೊದಲು, ಕೊನೆಗೆ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ, ಹಾಗಾಗಿ ಟ್ರ್ಯಾಕ್ ಬದಲಾಗುವಲ್ಲಿ ತಂಬೂರಿ ತುಂಡಾಗುತ್ತದೆ. ಸಿಡಿಯಿಂದಲೇ ನೇರ ಫ್ಲ್ಯಾಕ್ (ಗುಣ ಕುಗ್ಗದ ಫೈಲ್) ಆಗಿ ಪರಿವರ್ತಿಸಿದರೆ ಆ ಮೌನ ಬರುವುದಿಲ್ಲ. ಆದರೂ ಕ್ರೋಮ್‌ಕಾಸ್ಟ್ ದಾರಿಯಲ್ಲಿ ಕಳಿಸಿದರೆ ಟ್ರ್ಯಾಕುಗಳ ನಡುವೆ ಅಂತರ ಬೀಳುವುದುಂಟು. ವೀಮ್ ಆಪ್‌ನಿಂದಲೇ ನುಡಿಸಿದರೆ ಸಲೀಸು.

ಧ್ವನಿಯ ಬಗ್ಗೆ ಎರಡೇ ಮಾತು. ಪ್ರೋದೊಳಗಿನ ಡ್ಯಾಕ್ ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದ್ದು, ಪ್ರೋ ಪ್ಲಸ್‌ನದ್ದು ಎಕೆಎಂ ಕಂಪನಿಯದ್ದು. ಅಳತೆಯಲ್ಲಿ ಪ್ಲಸ್ ಮೇಲು. ಜಿಂಕ್ ಶೀಟಿನ ಮೇಲೆ ಜುಲೈ ಮಳೆ ಬೀಳುವಾಗ ಆ ಮೇಲ್ಮೆಯನ್ನು ಕಿವಿಯಿಂದ ಹೇಳಬಲ್ಲವರಿಗೆ ಮಾತ್ರ 70 ಡಾಲರ್ ಹೆಚ್ಚು ಕೊಡುವುದು ನ್ಯಾಯ. ಉಳಿದವರು ಆ ದುಡ್ಡಿನಲ್ಲಿ ಕೇಬಲ್ ಎಳೆಸಿ, ರೂಟರಿಗೊಂದು ಮಿನಿ ಯುಪಿಎಸ್ ತರಲಿ.

ಏಕೆಂದರೆ ಕರೆಂಟ್ ಇಲ್ಲಿ ಕೊನೆಯ ಮಾತು ಹೇಳುತ್ತದೆ. ಓಎನ್‌ಟಿ, ರೂಟರ್ ಸಾಮಾನ್ಯವಾಗಿ 12 ವೋಲ್ಟಿನವು, ವೀಮ್ 5 ವೋಲ್ಟ್ ಯುಎಸ್‌ಬಿ-ಸಿ. ಎರಡೂ ಔಟ್‌ಪುಟ್ ಇರುವ ಮಿನಿ ಯುಪಿಎಸ್ ಆರಿಸಿದರೆ ಒಂದೇ ಪೆಟ್ಟಿಗೆ ಸಾಕು. ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ಮೊದಲು ಓದಿಕೊಳ್ಳಿ. ಆಂಪ್ಲಿಫೈಯರನ್ನು ಇನ್‌ವರ್ಟರಿನಲ್ಲಿ ಓಡಿಸುವುದಾದರೆ ಸೈನ್ ವೇವ್‌ನದ್ದೇ ಆಗಬೇಕು. ಸ್ಕ್ವೇರ್ ವೇವ್ ಕೊಟ್ಟರೆ ಒಳಗಿನ ಟ್ರಾನ್ಸ್‌ಫಾರ್ಮರ್ ಗುರುಗುಟ್ಟುತ್ತದೆ, ಬಿಸಿಯಾಗುತ್ತದೆ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಗುಡುಗಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಜತೆಗೆ ಲ್ಯಾನ್ ತಂತಿಯನ್ನೂ ತೆಗೆಯಿರಿ. ಟಿವಿಯನ್ನು ಆಪ್ಟಿಕಲ್ ಕೇಬಲಿನಲ್ಲಿ ಜೋಡಿಸಿದ್ದರ ಇನ್ನೊಂದು ಲಾಭ ಇಲ್ಲಿದೆ: ಡಿಶ್ ತಂತಿ ಹಿಡಿದು ಟಿವಿಗೆ ಬಂದ ಸಿಡಿಲಿನ ಕರೆಂಟ್ ಆ ಗಾಜಿನಂಥ ಎಳೆಯಲ್ಲಿ ಮುಂದೆ ಹರಿಯುವುದಿಲ್ಲ.

ಬೇರೆ ದಾರಿಗಳೂ ಇವೆ. ಗೂಗಲ್‌ನ ಹಳೆಯ ಕ್ರೋಮ್‌ಕಾಸ್ಟ್ ಆಡಿಯೋ ಪೆಟ್ಟಿಗೆ ಸೆಕೆಂಡ್‌ಹ್ಯಾಂಡ್ ಸಿಗುತ್ತದೆ, ಆದರೆ 2019ರಲ್ಲೇ ಅದರ ತಯಾರಿ ನಿಂತಿತು. 2025ರ ಮಾರ್ಚ್‌ನಲ್ಲಿ ಪ್ರಮಾಣಪತ್ರದ ಅವಧಿ ಮುಗಿದು ಎಲ್ಲೆಡೆ ಕೆಲವು ದಿನ ಕೈಕೊಟ್ಟು, ಅಪ್‌ಡೇಟ್ ಬಂದ ಮೇಲೆ ಸರಿಯಾಯಿತು. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರಿನ ಮೇಲೊಂದು ಡ್ಯಾಕ್ ಬೋರ್ಡ್ ಕೂರಿಸಿದರೆ ಅಗ್ಗ, ಆದರೆ ಅದಕ್ಕಿರುವುದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ, ಲ್ಯಾನ್ ಇಲ್ಲ. ಪದೇಪದೇ ಕರೆಂಟ್ ಹೋಗುವಲ್ಲಿ ಎಸ್‌ಡಿ ಕಾರ್ಡ್ ಹಾಳಾಗುವ ಭಯ ಬೇರೆ. ಮಾಡಲೇಬೇಕೆಂದರೆ ಲ್ಯಾನ್ ಇರುವ ದೊಡ್ಡ ಪೈ ತೆಗೆದುಕೊಂಡು, ಪೂರ್ತಿ ರ‍್ಯಾಮಿನಲ್ಲೇ ಓಡುವ ಪೈಕೋರ್‌ಪ್ಲೇಯರ್ ತಂತ್ರಾಂಶ ಹಾಕಿ.

ಪ್ರೋ ಪೆಟ್ಟಿಗೆಯಲ್ಲಿ ರಿಮೋಟ್ ಬರುವುದಿಲ್ಲ. ಫೋನ್ ಮುಟ್ಟದ ಹಿರಿಯರಿರುವ ಮನೆಗೆ ಅದನ್ನು ಬೇರೆಯಾಗಿ ತರಿಸಿ, ಅವರಿಗೆ ಬೇಕಾದ್ದನ್ನು ಪ್ರೀಸೆಟ್‌ನಲ್ಲಿ ಇಟ್ಟುಕೊಡಿ.

ಜೋಡಿಸಿದ ಮೇಲೆ ಉಳಿಯುವುದು ಉಪ್ಪು. ಸಮುದ್ರ ಹತ್ತಿರವಿದ್ದಲ್ಲಿ ಆರ್‌ಸಿಎ ಸಾಕೆಟ್ ಮಂಕಾಗಿ, ಒಂದು ಕಡೆಯ ಸ್ಪೀಕರ್ ಬಿಟ್ಟು ಬಿಟ್ಟು ಕೇಳತೊಡಗುತ್ತದೆ. ಮಳೆಗಾಲದ ಮೊದಲು ಮತ್ತು ಆಮೇಲೆ ಒಂದೊಂದು ಸಲ ಪ್ಲಗ್ ಕಿತ್ತು, ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ಒರೆಸಿ, ನಾಲ್ಕು ಸಲ ತಿರುಗಿಸಿ ಹಾಕಿ. ಬಾಗಿಲಿನ ಬಿಜಾಗರಿಗೆ ಹೊಡೆಯುವ ಸಾದಾ ಡಬ್ಲ್ಯೂಡಿ-40 ಇದಕ್ಕಲ್ಲ. ಅದು ಬಿಡುವ ಎಣ್ಣೆಯ ಪದರಕ್ಕೆ ಧೂಳು ಹಿಡಿಯುತ್ತದೆ. ಸೆಟ್ಟನ್ನು ಮುಚ್ಚಿದ ಕಪಾಟಿನಲ್ಲಿ ಇಡಬೇಡಿ, ದಿನಕ್ಕೆ ಸ್ವಲ್ಪ ಹೊತ್ತಾದರೂ ಚಾಲೂ ಇಟ್ಟರೆ ಒಳಗಿನ ಬಿಸಿಗೆ ತೇವ ಹೋಗುತ್ತದೆ. ಮಳೆಗಾಲದಲ್ಲಿ ಮನೆಗೆ ಬೀಗ ಹಾಕಿ ಊರು ಬಿಡುವವರು ವೀಮ್, ಅಡಾಪ್ಟರ್, ರಿಮೋಟ್ ಮೂರನ್ನೂ ಸಿಲಿಕಾ ಜೆಲ್ ಜತೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ. ರಿಮೋಟಿನ ಸೆಲ್ ತೆಗೆದಿಡಲು ಮರೆಯಬೇಡಿ.