ಪೀನಟ್ ಬಟರ್ ಮಿಲ್ಕ್‌ಶೇಕ್‌ಗೆಂದು ಕೊಂಡ ಚಿಕ್ಕ ಬ್ಲೆಂಡರ್: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಮನೆಯಲ್ಲೇ ಪೀನಟ್ ಬಟರ್ ಮಿಲ್ಕ್‌ಶೇಕ್ ಮಾಡಿಕೊಳ್ಳಬೇಕೆಂಬ ಉದ್ದೇಶದಿಂದ ಕೊಂಡ ಒಂದು ಚಿಕ್ಕ ಬ್ಲೆಂಡರಿನ ವಿಮರ್ಶೆ ಇದು. ಕಪ್ಪಿಗೆ ಸಾಮಗ್ರಿ ತುಂಬಿ, ಬ್ಲೇಡು ಕೂಡಿಸಿದ ಮುಚ್ಚಳವನ್ನು ತಿರುಗಿಸಿ ಬಿಗಿದು, ಕಪ್ಪನ್ನು ತಲೆಕೆಳಗು ಮಾಡಿ ಮೋಟಾರಿನ ಮೇಲೆ ಒತ್ತಿ ಕೂರಿಸುವ ಬಗೆಯ ಯಂತ್ರವಿದು. ಕಪ್ಪಿನಲ್ಲಿ ಅರ್ಧ ಲೀಟರು ಹಿಡಿಯುತ್ತದೆ, ಮೋಟಾರು 300 ವ್ಯಾಟಿನದು. ಇದೇ ವಿನ್ಯಾಸವನ್ನು ಹಲವು ಕಂಪನಿಗಳು ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಮಾರುವುದರಿಂದ ನನ್ನ ಬಳಿಯಿರುವುದರ ಹೆಸರು ಇಲ್ಲಿ ಮುಖ್ಯವಲ್ಲ. ಕೊಂಡ ಹೊಸತರಲ್ಲಿ ಬರೆಯುವ ವಿಮರ್ಶೆಗಳಲ್ಲಿ ಮೋಟಾರಿನ ಶಕ್ತಿ, ಸದ್ದು, ಕಪ್ಪಿನ ಅಂದ ಇವೇ ದೊಡ್ಡದಾಗಿ ಕಾಣುತ್ತವೆ. ವರ್ಷಗಟ್ಟಲೆ ಬಳಸಿದ ನನಗೆ, ಈ ಒಂದು ಪಾನೀಯದ ಮಟ್ಟಿಗೆ, ಅವುಗಳಿಗಿಂತ ಕಪ್ಪಿನ ಆಕಾರವೂ ಬ್ಲೇಡಿನ ಮುಚ್ಚಳದೊಳಗೆ ಅಡಗಿ ಕುಳಿತಿರುವ ಸಿಲಿಕೋನ್ ವಾಷರೂ ಹೆಚ್ಚು ಮುಖ್ಯವೆನಿಸಿವೆ. ಶೇಕ್ ಚೆನ್ನಾಗಿ ಬರುವುದು ಮೊದಲನೆಯದರಿಂದ, ಯಂತ್ರ ಬಾಳುವುದು ಎರಡನೆಯದರಿಂದ.

ಪೀನಟ್ ಬಟರ್ ಹಾಲಿನೊಂದಿಗೆ ಸುಲಭವಾಗಿ ಹೊಂದಿಕೊಳ್ಳುವ ಪದಾರ್ಥವಲ್ಲ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬಿರುತ್ತದೆ, ಆ ಎಣ್ಣೆಯಲ್ಲಿ ಹುರಿದ ಕಡಲೆಬೀಜದ ನುಣುಪಾದ ಕಣಗಳು ಹರಡಿಕೊಂಡಿರುತ್ತವೆ. ಹಾಲಿನಲ್ಲಾದರೋ ಶೇಕಡಾ 87ರಷ್ಟು ನೀರೇ ಇರುತ್ತದೆ. ಪೀನಟ್ ಬಟರಿಗೆ ಒಂದು ಚಮಚ ಹಾಲು ಹಾಕಿ ಕಲಸಿ ನೋಡಿದರೆ ಅದು ತೆಳುವಾಗುವ ಬದಲು ಮೊದಲು ಇನ್ನಷ್ಟು ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ, ಏಕೆಂದರೆ ಕಣಗಳು ಆ ಅಲ್ಪಸ್ವಲ್ಪ ನೀರನ್ನು ಹೀರಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಲು ಇನ್ನೂ ಹೆಚ್ಚಿದ ಮೇಲಷ್ಟೇ ಅದು ಸಡಿಲಗೊಂಡು ಹರಿಯತೊಡಗುತ್ತದೆ. ಇದರ ಜೊತೆಗೆ ತಂಪು ಬೇರೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲಿಗೆ ಬಿದ್ದ ಪೀನಟ್ ಬಟರ್ ಬಿಗಿದುಕೊಳ್ಳುತ್ತದೆ. ಹೀಗಾಗಿ ಎಷ್ಟು ಹೊತ್ತು ಚಮಚದಿಂದ ಕಲಕಿದರೂ ಮೇಲೆ ರುಚಿಯಿಲ್ಲದ ಹಾಲು, ತಳದಲ್ಲಿ ಉಂಡೆಗಳು ಎಂಬಂತಾಗುತ್ತದೆ. ವೇಗವಾಗಿ ತಿರುಗುವ ಬ್ಲೇಡು ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕ ಹನಿಗಳಾಗಿ ಒಡೆದಾಗ ಹಾಲಿನ ಪ್ರೋಟೀನುಗಳು ಆ ಹನಿಗಳನ್ನು ಸುತ್ತುವರಿದು ಮತ್ತೆ ಒಂದಾಗದಂತೆ ತಡೆಯುತ್ತವೆ. ಶೇಕಿಗೆ ಕೆನೆಯಂಥ ನುಣುಪು ಬರುವುದು ಇದರಿಂದಲೇ.

ಇದೇ ಕೆಲಸವನ್ನು ದೊಡ್ಡ ಮಿಕ್ಸಿಯ ಜಾರಿನಲ್ಲೂ ಮಾಡಬಹುದಲ್ಲವೇ ಎಂದು ಕೇಳಿದರೆ, ನಾಲ್ಕು ಜನರಿಗೆ ಮಾಡುವಾಗ ಧಾರಾಳವಾಗಿ ಮಾಡಬಹುದು, ಅದೇ ಉತ್ತಮ ಕೂಡ. ತೊಂದರೆಯಿರುವುದು ಒಂದೇ ಗ್ಲಾಸು ಮಾಡುವಾಗ. ಅಗಲವಾದ ಜಾರಿನಲ್ಲಿ 250 ಮಿಲಿ ಹಾಲು ಬ್ಲೇಡಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಕ್ಕೆ ನಿಲ್ಲುತ್ತದೆ. ಸ್ವಿಚ್ ಹಾಕಿದ ಕೂಡಲೇ ಪೀನಟ್ ಬಟರ್ ಜಾರಿನ ಗೋಡೆಗೆ ಎರಚಿಕೊಂಡು ಅಲ್ಲೇ ಅಂಟಿ ಕುಳಿತುಬಿಡುತ್ತದೆ, ಹಾಲು ಮಾತ್ರ ಕೆಳಗೆ ನೊರೆಯೇಳುತ್ತದೆ. ಮುಚ್ಚಳ ತೆಗೆದು ಗೋಡೆಯನ್ನು ಕೆರೆದು ಮತ್ತೆ ತಿರುಗಿಸುವ ಕೆಲಸ ಎರಡು ಮೂರು ಸಲ ಬೀಳುತ್ತದೆ. ಚಿಕ್ಕ ಬ್ಲೆಂಡರಿನ ಕಪ್ಪು ಕಿರಿದಾಗಿರುವುದರಿಂದ ಅಷ್ಟೇ ಹಾಲು ಬ್ಲೇಡಿನ ಮೇಲೆ ಎತ್ತರಕ್ಕೆ ನಿಲ್ಲುತ್ತದೆ, ಗೋಡೆಗೆ ಹಾರಿದ್ದನ್ನು ಸುತ್ತುವ ಹಾಲೇ ತೊಳೆದು ಮತ್ತೆ ಬ್ಲೇಡಿನ ಬಳಿಗೆ ತರುತ್ತದೆ. 300 ವ್ಯಾಟಿನ ಸಾಧಾರಣ ಮೋಟಾರು ಈ ಕೆಲಸಕ್ಕೆ ಸಾಕಾಗುವುದಕ್ಕೆ ಇದೇ ಕಾರಣ. ಹೆಚ್ಚು ವ್ಯಾಟ್ ಬೇಕಾಗುವುದು ಐಸ್ ಪುಡಿ ಮಾಡುವವರಿಗೆ.

ತುಂಬುವ ಕ್ರಮದ ಬಗ್ಗೆ ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲಿ ಇದ್ದದ್ದು ಒಂದೇ ಸಾಲು, ಅದೂ ಹಣ್ಣಿನ ರಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪೀನಟ್ ಬಟರಿನ ವಿಷಯದಲ್ಲಿ ಕ್ರಮ ತಪ್ಪಿದರೆ ಫಲಿತಾಂಶ ನೇರವಾಗಿ ಕಣ್ಣಿಗೆ ಬೀಳುತ್ತದೆ. ಖಾಲಿ ಕಪ್ಪಿನ ತಳಕ್ಕೆ ಮೊದಲು ಪೀನಟ್ ಬಟರ್ ಹಾಕಿದರೆ, ಕಪ್ಪನ್ನು ಬೋರಲು ಹಾಕಿದಾಗ ಆ ತಳವೇ ಛಾವಣಿಯಾಗುತ್ತದೆ. ಹಾಲು ಅಲ್ಲಿಯವರೆಗೆ ಸರಿಯಾಗಿ ತಲುಪದೆ ಮೂಲೆಯ ಸುತ್ತ ಕಂದು ಬಣ್ಣದ ಒಂದು ಉಂಗುರ ಹಾಗೆಯೇ ಉಳಿಯುತ್ತದೆ. ನೇರವಾಗಿ ಬ್ಲೇಡಿಗೇ ಮೆತ್ತಿದರೆ ಬ್ಲೇಡಿನ ಬುಡದಲ್ಲಿ, ಹಾಲು ಸುಳಿಯದ ಜಾಗದಲ್ಲಿ, ಒಂದು ಗಂಟು ಸಿಕ್ಕಿಕೊಳ್ಳುತ್ತದೆ. ಅರ್ಧದಷ್ಟು ಹಾಲನ್ನು ಮೊದಲು ಹಾಕಿ, ನಂತರ ಹಣ್ಣು, ಅದರ ಮೇಲೆ ಗೋಡೆಗೆ ತಾಗದಂತೆ ಎರಡು ದೊಡ್ಡ ಚಮಚ ಪೀನಟ್ ಬಟರ್, ಕೊನೆಗೆ ಉಳಿದ ಹಾಲನ್ನು ಸುರಿದರೆ ಎರಡೂ ತೊಂದರೆ ತಪ್ಪುತ್ತವೆ. ಮೋಟಾರಿನ ಮೇಲೆ ಕೂರಿಸುವ ಮೊದಲು ಕಪ್ಪನ್ನು ನಾಲ್ಕಾರು ಸಲ ಜೋರಾಗಿ ಕುಲುಕಿಕೊಳ್ಳುವುದು ಒಳ್ಳೆಯದು.

ನಂತರ ಕಿವಿಗೆ ಕೆಲಸ. ಮೊದಲ ಕೆಲವು ಕ್ಷಣ ಮೋಟಾರು ಭಾರ ಹೊತ್ತ ದಪ್ಪ ದನಿಯಲ್ಲಿ ಗುರುಗುಟ್ಟುತ್ತದೆ. ಶೇಕ್ ಕೂಡಿಬಂದಂತೆ ದನಿ ಸಮವಾಗುತ್ತದೆ. ಇದ್ದಕ್ಕಿದ್ದಂತೆ ದನಿ ಕೀಚಲಾಗಿ ಮೇಲಕ್ಕೇರಿದರೆ ಬ್ಲೇಡಿನ ಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಂಡಿದೆ, ಬ್ಲೇಡು ಬರಿಗಾಳಿಯಲ್ಲಿ ತಿರುಗುತ್ತಿದೆ ಎಂದರ್ಥ. ಅಂಥ ಹೊತ್ತಿನಲ್ಲಿ ಎಷ್ಟು ಹೊತ್ತು ಒತ್ತಿ ಹಿಡಿದರೂ ಪ್ರಯೋಜನವಿಲ್ಲ. ನಿಲ್ಲಿಸಿ, ಕುಲುಕಿ, ಬೇಕಿದ್ದರೆ ಎರಡು ಚಮಚ ಹಾಲು ಸೇರಿಸಬೇಕು. ಸಾಮಾನ್ಯವಾಗಿ 30ರಿಂದ 40 ಸೆಕೆಂಡು ಸಾಕು. ಒಂದು ನಿಮಿಷ ಮೀರಿದರೆ ಮೋಟಾರೂ ಬಿಸಿಯಾಗುತ್ತದೆ, ಬ್ಲೇಡಿನ ತಿಕ್ಕಾಟಕ್ಕೆ ಶೇಕಿನ ತಂಪೂ ಇಳಿಯುತ್ತದೆ. ಶೇಕ್ ಮಾತ್ರ ಮೊದಲಿಗಿಂತ ನುಣುಪಾಗುವುದಿಲ್ಲ.

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಯಾವ ಪೀನಟ್ ಬಟರ್ ಹಾಕುತ್ತೇವೆ ಎಂಬುದರ ಮೇಲೆ ಅರ್ಧ ನಿರ್ಧಾರವಾಗುತ್ತದೆ. ಬಾಟಲಿಯ ಮೇಲ್ಭಾಗದಲ್ಲಿ ಎಣ್ಣೆ ತೇಲುವ, ಕಡಲೆಬೀಜ ಮತ್ತು ಹೆಚ್ಚೆಂದರೆ ಉಪ್ಪು ಮಾತ್ರ ಇರುವ ಬಗೆ ಒಂದು. ಎಣ್ಣೆ ಬೇರ್ಪಡದಂತೆ ಹೈಡ್ರೋಜನೀಕರಿಸಿದ, ಅಂದರೆ ಹೈಡ್ರೋಜನ್ ಕೂಡಿಸಿ ಗಟ್ಟಿಯಾಗಿಸಿದ, ಕೊಬ್ಬು ಸೇರಿಸಿದ, ಸಾಮಾನ್ಯವಾಗಿ ಸಕ್ಕರೆಯನ್ನೂ ಬೆರೆಸಿದ ಬಗೆ ಇನ್ನೊಂದು. ಇಲ್ಲಿ ಇತಿಹಾಸದ ಒಂದು ವಿಚಿತ್ರ ಹೊಂದಾಣಿಕೆಯನ್ನು ಹೇಳಲೇಬೇಕು. ಪಾತ್ರೆಯ ತಳದಲ್ಲಿ ತಿರುಗುವ ಬ್ಲೇಡನ್ನು ಇಟ್ಟು ಬ್ಲೆಂಡರಿಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇಸೀನ್ ಊರಿನ ಸ್ಟೀಫನ್ ಪೊಪ್ಲಾವ್‌ಸ್ಕಿ. ಕಾಲ 1922, ಉದ್ದೇಶ ಸೋಡಾ ಅಂಗಡಿಗಳ ಮಾಲ್ಟ್ ಹಾಲಿನ ಪಾನೀಯ. ಅಂದರೆ ಈ ಯಂತ್ರ ಹುಟ್ಟಿದ್ದೇ ಮಿಲ್ಕ್‌ಶೇಕಿಗಾಗಿ. ಎಣ್ಣೆ ಬೇರ್ಪಡದ ಪೀನಟ್ ಬಟರನ್ನು ಅದೇ ದೇಶದ ಜೋಸೆಫ್ ರೋಸ್‌ಫೀಲ್ಡ್ ರೂಪಿಸಿದ್ದೂ 1920ರ ದಶಕದ ಆರಂಭದಲ್ಲೇ. ಸಮಕಾಲೀನರಾದರೂ ಇವೆರಡಕ್ಕೆ ಅಷ್ಟಾಗಿ ಹೊಂದುವುದಿಲ್ಲ ಎಂಬುದು ನನ್ನ ಅನುಭವ. ಬ್ರೆಡ್ಡಿಗೆ ಸವರಲು ಅನುಕೂಲವಾಗುವ ಆ ಗಟ್ಟಿ ಕೊಬ್ಬು ತಣ್ಣನೆಯ ಹಾಲಿನಲ್ಲಿ ಇನ್ನಷ್ಟು ಬಿಗಿದುಕೊಂಡು ಸಾಸಿವೆ ಗಾತ್ರದ ಚೂರುಗಳಾಗಿ ಉಳಿಯುತ್ತದೆ, ಅವು ನಾಲಿಗೆಗೆ ಸಿಗುತ್ತವೆ. ಎಣ್ಣೆ ತೇಲುವ ಬಗೆ ಸಡಿಲವಾಗಿಯೇ ಇರುವುದರಿಂದ ಬೇಗ ಬೆರೆಯುತ್ತದೆ, ಕಡಲೆಬೀಜದ ಹುರಿದ ಘಮವೂ ಸ್ಪಷ್ಟವಾಗಿ ಬರುತ್ತದೆ.

ಅದರ ಉಪದ್ರವವೇನಿದ್ದರೂ ಬಾಟಲಿಯಲ್ಲಿ. ಮೇಲಿನ ಎಣ್ಣೆಯನ್ನು ಕಲಸದೆ ಬಳಸುತ್ತಾ ಹೋದರೆ ತಳಕ್ಕೆ ಬರುವ ಹೊತ್ತಿಗೆ ಚಮಚ ಇಳಿಯದಷ್ಟು ಒಣಗಿದ ಮುದ್ದೆ ಉಳಿದಿರುತ್ತದೆ. ಹೊಸ ಬಾಟಲಿಯನ್ನು ಒಂದು ದಿನ ತಲೆಕೆಳಗಾಗಿ ಇಟ್ಟು ಆಮೇಲೆ ತೆರೆದರೆ ಕಲಸುವ ಕೆಲಸ ಬಹಳ ಹಗುರಾಗುತ್ತದೆ. ತೆರೆದ ಮೇಲೆ ಫ್ರಿಜ್ಜಿನಲ್ಲಿ ಇಡುವವರು ಶೇಕಿಗೆ ಬೇಕಾದಷ್ಟನ್ನು ಸ್ವಲ್ಪ ಮೊದಲೇ ಹೊರತೆಗೆದಿಡಬೇಕು, ಇಲ್ಲವೇ ಎರಡು ಚಮಚ ಬೆಚ್ಚಗಿನ ಹಾಲಿನಲ್ಲಿ ಕಲಸಿಕೊಳ್ಳಬೇಕು.

ಉಳಿದ ಸಾಮಗ್ರಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಐಸ್ ತುಂಡುಗಳನ್ನು ನಾನು ಹಾಕುವುದಿಲ್ಲ: ಅವು ಕರಗಿ ಶೇಕನ್ನು ನೀರಾಗಿಸುತ್ತವೆ, ಪ್ಲಾಸ್ಟಿಕ್ ಕಪ್ಪಿಗೆ ಗೀರು ಬೀಳಿಸುತ್ತವೆ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಬಿಲ್ಲೆಗಳಾಗಿ ಕತ್ತರಿಸಿ ಫ್ರೀಜರಿನಲ್ಲಿಟ್ಟುಕೊಂಡರೆ ತಂಪು, ದಪ್ಪ, ಸಿಹಿ ಮೂರೂ ಒಟ್ಟಿಗೆ ದೊರೆಯುತ್ತವೆ. ಖರ್ಜೂರವನ್ನು ನೆನೆಸದೆ ಹಾಕಿದರೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಕೋಕೋ ಪುಡಿ ಹಾಲಿನ ಮೇಲೆ ತೇಲಿ ಗಂಟಾಗುವುದರಿಂದ ಅದನ್ನು ಮೊದಲು ಪೀನಟ್ ಬಟರಿನಲ್ಲೇ ಕಲಸಿಕೊಳ್ಳಬೇಕು. ಉಪ್ಪಿಲ್ಲದ ಪೀನಟ್ ಬಟರಾದರೆ ಒಂದು ಚಿಟಿಕೆ ಉಪ್ಪು ಬೀಳಲೇಬೇಕು, ಇಲ್ಲದಿದ್ದರೆ ಶೇಕ್ ಸಪ್ಪೆ. ಇದನ್ನು ಹಗುರ ಪಾನೀಯವೆಂದು ಭಾವಿಸುವಂತಿಲ್ಲ: ಎರಡು ದೊಡ್ಡ ಚಮಚ, ಅಂದರೆ ಸುಮಾರು 32 ಗ್ರಾಂ ಪೀನಟ್ ಬಟರಿನಲ್ಲಿ 190 ಕ್ಯಾಲೊರಿಯಷ್ಟಿರುತ್ತದೆ, ಕೆನೆಭರಿತ ಹಾಲು ಮತ್ತು ಒಂದು ಬಾಳೆಹಣ್ಣು ಸೇರಿದರೆ ಒಂದು ಗ್ಲಾಸಿಗೆ 430ರಿಂದ 450 ಕ್ಯಾಲೊರಿ, 15 ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್. ಬೆಳಗಿನ ಊಟದ ಬದಲಿಗೆ ಕುಡಿದರೆ ಸರಿ, ಊಟದ ಜೊತೆಗೆ ಕುಡಿದರೆ ಅತಿಯಾಯಿತು.

ಇನ್ನು ಯಂತ್ರದ ಬಾಳಿಕೆ. ಬ್ಲೇಡಿನ ಮುಚ್ಚಳದ ಒಳಗಿನ ತೋಡಿನಲ್ಲಿ ಕುಳಿತಿರುವ ಸಿಲಿಕೋನ್ ವಾಷರ್ ಹಾಲು ಸೋರದಂತೆ ತಡೆಯುತ್ತದೆ. ಹಣ್ಣಿನ ರಸ ಮಾಡುವವರು ಅದನ್ನು ತಿಂಗಳುಗಟ್ಟಲೆ ಮರೆತರೂ ನಡೆದೀತು. ಪೀನಟ್ ಬಟರ್ ಬಳಸುವವರಿಗೆ ಆ ಸೌಲಭ್ಯವಿಲ್ಲ. ಎಣ್ಣೆ ವಾಷರಿನ ಅಡಿಗೆ ಇಳಿಯುತ್ತದೆ, ಮೇಲಿನಿಂದ ಎಷ್ಟು ತೊಳೆದರೂ ಅಲ್ಲಿಗೆ ಸೋಪು ತಲುಪುವುದಿಲ್ಲ, ಕೆಲವೇ ದಿನಗಳಲ್ಲಿ ಕಮಟು ವಾಸನೆ ಶುರುವಾಗುತ್ತದೆ. ಕಡಲೆಕಾಯಿ ಎಣ್ಣೆಯ ಬಹುಪಾಲು ಅಪರ್ಯಾಪ್ತ, ಅಂದರೆ ಗಾಳಿಯ ಆಮ್ಲಜನಕದೊಂದಿಗೆ ಸುಲಭವಾಗಿ ಕೂಡುವ, ಕೊಬ್ಬಾದ್ದರಿಂದ ಗಾಳಿಗೆ ಒಡ್ಡಿಕೊಂಡ ತೆಳು ಪದರ ಬೇಗ ಕೆಡುವುದು ಸಹಜವೇ. ಸಿಲಿಕೋನು ವಾಸನೆಯನ್ನು ಹಿಡಿದಿಟ್ಟುಕೊಳ್ಳುವ ವಸ್ತುವೂ ಹೌದು. ಒಮ್ಮೆ ಹಿಡಿದ ಕಮಟು ಅಡುಗೆ ಸೋಡಾದಲ್ಲಿ ನೆನೆಸಿದರೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಶೇಕ್ ಗ್ಲಾಸಿಗೆ ಸುರಿದ ಕೂಡಲೇ ಕಪ್ಪಿಗೆ ಅರ್ಧ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಹತ್ತು ಸೆಕೆಂಡು ತಿರುಗಿಸುವುದು ನಿತ್ಯದ ಕ್ರಮ. ಕೆಲವು ದಿನಗಳಿಗೊಮ್ಮೆ ಚಮಚದ ಹಿಡಿಯ ಮೊಂಡು ತುದಿಯಿಂದ ವಾಷರನ್ನು ಎಬ್ಬಿಸಿ ತೆಗೆದು, ತೋಡನ್ನೂ ಉಜ್ಜಿ, ಎರಡೂ ಪೂರ್ತಿ ಆರಿದ ಮೇಲೆ ಕೂರಿಸಬೇಕು. ಚಾಕು ಬಳಸಿದರೆ ವಾಷರಿನ ಅಂಚು ಹರಿದು ಸೋರಿಕೆ ಆರಂಭವಾಗುತ್ತದೆ.

ಮಿಕ್ಕ ಭಾಗಗಳು ನಿಧಾನವಾಗಿ ಸವೆಯುತ್ತವೆ. ಪಾರದರ್ಶಕವಾಗಿದ್ದ ಕಪ್ಪು ಈಗ ಮಸುಕಾಗಿದೆ. ಬಳಕೆಗೆ ತೊಂದರೆಯಿಲ್ಲ, ನೋಟಕ್ಕಷ್ಟೇ ಕುಂದು. ಕಪ್ಪಿನ ಅಂಚಿನಲ್ಲಿರುವ ಮೂರು ಚಿಕ್ಕ ಕಿವಿಗಳು ಮೋಟಾರಿನ ಬಾಯಿಯೊಳಗಿನ ಗುಂಡಿಗಳನ್ನು ಒತ್ತಿದಾಗ ಮಾತ್ರ ಯಂತ್ರ ತಿರುಗುತ್ತದೆ. ಹೊರಗೆ ಹನಿದ ಸಿಹಿ ಹಾಲು ಆ ಗುಂಡಿಗಳ ಸಂದಿನಲ್ಲಿ ಒಣಗಿದರೆ ಗುಂಡಿ ಅಂಟಿಕೊಂಡು, ಒತ್ತಿದ್ದು ಮೇಲೇಳುವುದಿಲ್ಲ. ಪ್ಲಗ್ ಕಿತ್ತಿಟ್ಟು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುವುದನ್ನು ತಪ್ಪಿಸುವಂತಿಲ್ಲ, ಏಕೆಂದರೆ ಇದು ಸ್ವಚ್ಛತೆಗಿಂತ ಹೆಚ್ಚಾಗಿ ಸುರಕ್ಷತೆಯ ಪ್ರಶ್ನೆ. ನಾನು ನಿಜವಾಗಿ ಬದಲಾಯಿಸಬೇಕಾಗಿ ಬಂದದ್ದು ಬ್ಲೇಡಿನ ಭಾಗವನ್ನು. ಮುಚ್ಚಳದ ಹೊರಬದಿಯಲ್ಲಿ, ಮೋಟಾರಿಗೆ ಕಚ್ಚಿಕೊಳ್ಳುವ ಕಪ್ಲರಿನ ಸುತ್ತ, ಕಪ್ಪು ಬಣ್ಣದ ಜಿಡ್ಡುನೀರು ಕಾಣಿಸಿಕೊಂಡಿತು. ಬ್ಲೇಡನ್ನು ತಿರುಗಿಸುವ ದಂಡದ ಸುತ್ತಲಿನ ಸೀಲು ಸವೆದು ಶೇಕ್ ಬೇರಿಂಗಿಗೆ ಇಳಿಯುತ್ತಿದೆ, ಅಲ್ಲಿನ ಜಿಡ್ಡು ಶೇಕಿನ ಕಡೆಗೂ ಬರಬಹುದು ಎಂಬುದರ ಗುರುತು ಅದು. ತೊಳೆದು ಮುಂದುವರಿಸುವ ದೋಷವಲ್ಲ. ಹೊಸ ಬ್ಲೇಡು ಹಾಕಿದ ಮೇಲೆ ಮೋಟಾರು ಮೊದಲಿನಂತೆಯೇ ಕೆಲಸ ಮಾಡುತ್ತಿದೆ.

ಎರಡು ಎಚ್ಚರಿಕೆಗಳಿವೆ. ಬಿಸಿ ಹಾಲನ್ನು ಈ ಬಗೆಯ ಮುಚ್ಚಿದ ಕಪ್ಪಿನಲ್ಲಿ ತಿರುಗಿಸಲೇಬಾರದು. ಆವಿಗೆ ಹೊರದಾರಿಯಿಲ್ಲದೆ ಒತ್ತಡ ಹೆಚ್ಚಿ, ಮುಚ್ಚಳ ತೆರೆಯುವಾಗ ಮೈಮೇಲೆ ಚಿಮ್ಮಬಹುದು. ಮೇಲೆ ಹೇಳಿದ ಬೆಚ್ಚಗಿನ ಹಾಲನ್ನು ಹೊರಗೆ ಬಟ್ಟಲಿನಲ್ಲೇ ಕಲಸಬೇಕು. ಎರಡನೆಯದು ಇನ್ನೂ ಗಂಭೀರವಾದದ್ದು: ಕಡಲೆಕಾಯಿಯ ಅಲರ್ಜಿ ಪ್ರಾಣಕ್ಕೇ ಅಪಾಯ ತರುವಷ್ಟು ತೀವ್ರವಾಗಿರಬಲ್ಲದು, ವಾಷರಿನ ಅಡಿಯಲ್ಲಿ ಏನು ಉಳಿದಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ಅಂಥ ಅಲರ್ಜಿ ಇರುವವರಿಗೆ ಈ ಕಪ್ಪಿನಲ್ಲಿ, ಎಷ್ಟೇ ತೊಳೆದಿದ್ದರೂ, ಬೇರೆ ಯಾವ ಪಾನೀಯವನ್ನೂ ಮಾಡಿಕೊಡಬಾರದು.

ಒಂದು ಅಥವಾ ಎರಡು ಗ್ಲಾಸಿಗಿಂತ ಹೆಚ್ಚು ಬೇಡದವರಿಗೆ ನಾನು ಈ ವಿನ್ಯಾಸವನ್ನೇ ಸೂಚಿಸುತ್ತೇನೆ. ಮನೆಮಂದಿಗೆಲ್ಲ ಒಟ್ಟಿಗೆ ಮಾಡುವವರು ತಮ್ಮಲ್ಲಿರುವ ದೊಡ್ಡ ಜಾರನ್ನೇ ಬಳಸಲಿ. ಕೊಳ್ಳುವ ಮುನ್ನ ವ್ಯಾಟಿನ ಅಂಕಿಯನ್ನು ಓದುವಷ್ಟೇ ಹೊತ್ತನ್ನು ಇನ್ನೊಂದು ವಿಚಾರಣೆಗೂ ಕೊಡಬೇಕು: ವಾಷರು ಮತ್ತು ಬ್ಲೇಡಿನ ಭಾಗ ಬಿಡಿಯಾಗಿ ಸಿಗುತ್ತವೆಯೇ, ವಾಷರನ್ನು ಕೈಯಿಂದ ಬಿಚ್ಚಿ ಕೂರಿಸಲು ಬರುತ್ತದೆಯೇ? ಕೆಲವು ಮಾದರಿಗಳಲ್ಲಿ ಅದನ್ನು ಮುಚ್ಚಳಕ್ಕೇ ಅಂಟಿಸಿಬಿಟ್ಟಿರುತ್ತಾರೆ. ಪೀನಟ್ ಬಟರ್ ಶೇಕಿಗೆ ಅಂಥವನ್ನು ಕೊಳ್ಳದಿರುವುದೇ ಒಳ್ಳೆಯದು.