ಚಾರಿಟಿ ಡಿನ್ನರ್ ಟಿಕೆಟ್ಟೋ, ನೇರ ದೇಣಿಗೆಯೋ?

2007ರಲ್ಲಿ ಬ್ಯಾಂಕಾಕ್‌ನ ಲೆಬುವಾ ಹೋಟೆಲ್‌ನಲ್ಲಿ ಒಂದು ಊಟ ನಡೆಯಿತು. ತಲೆಗೆ 10 ಲಕ್ಷ ಬಾತ್ (ಥಾಯ್ಲೆಂಡಿನ ಹಣ)! ದಾನಕ್ಕೂ ದುಡ್ಡು ಹೋಗುತ್ತದೆ ಎಂದು ಹೇಳಿದ್ದರು. ಇಂಥ ಟಿಕೆಟ್ ಕೊಳ್ಳುವುದೋ, ಅಷ್ಟನ್ನೂ ನೇರವಾಗಿ ಕೊಟ್ಟುಬಿಡುವುದೋ?

ನೇರ ದೇಣಿಗೆಯಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಕೊಟ್ಟಷ್ಟಕ್ಕೆ ರಸೀದಿ ಬರುತ್ತದೆ, ಹೊಟ್ಟೆ ಮಾತ್ರ ಖಾಲಿ.

ಟಿಕೆಟ್ಟಿನ ಕತೆ ಬೇರೆ. ಆಮಂತ್ರಣದಲ್ಲಿ ‘ಲಾಭವೆಲ್ಲ ದಾನಕ್ಕೆ’ ಅಂತಿದ್ದರೆ ‘ಲಾಭ’ ಅನ್ನುವ ಪದದ ಮೇಲೆ ಬೆರಳಿಡಿ. ಬಾಣಸಿಗರ ವಿಮಾನದ ಖರ್ಚು, ಹಳೇ ವೈನ್, ಟ್ರಫಲ್ ಎಂಬ ದುಬಾರಿ ಅಣಬೆ, ಹೂವಿನ ಅಲಂಕಾರ ಎಲ್ಲ ಕಳೆದು ಉಳಿದದ್ದು ತಾನೇ ಲಾಭ? ಏನೂ ಉಳಿಯದಿದ್ದರೂ ಮಾತು ಸುಳ್ಳಾಗುವುದಿಲ್ಲ, ನೋಡಿ. ‘ಲಾಭದ ಒಂದು ಭಾಗ’ ಅನ್ನುವುದಂತೂ ಇನ್ನೂ ಜಾರಿಕೆ.

ಅಮೆರಿಕದ ತೆರಿಗೆ ನಿಯಮ ಇಲ್ಲಿ ಚುರುಕು. ಊಟದ ನಿಜವಾದ ಬೆಲೆ ಕಳೆದು, ಮಿಕ್ಕಿದ್ದನ್ನಷ್ಟೇ ದಾನ ಅನ್ನುತ್ತದೆ. ಟಿಕೆಟ್ಟಿಗೆ ಕೊಟ್ಟ ಒಟ್ಟು ಹಣ 75 ಡಾಲರ್ ಮೀರಿದರೆ ಆ ಲೆಕ್ಕವನ್ನು ದತ್ತಿ ಸಂಸ್ಥೆಯೇ ಬರೆದು ಕೊಡಬೇಕು.

ಬಾಣಸಿಗರು, ವೈನ್ ವ್ಯಾಪಾರಿಗಳು ಪುಕ್ಕಟೆಯಾಗಿ ಕೊಟ್ಟಿದ್ದರೆ ಟಿಕೆಟ್ಟೇ ವಾಸಿ. ಸುಮ್ನೆ ಕೇಳಿದರೆ ಬಿಡಿಗಾಸೂ ಬಿಚ್ಚದವರು ಅಲ್ಲಿ ಬಿಚ್ಚುತ್ತಾರೆ. ಇಲ್ಲದಿದ್ದರೆ ನಾನಂತೂ ದೇಣಿಗೆ ಕೊಟ್ಟು ಮನೆಯಲ್ಲೇ ಉಣ್ಣುತ್ತೇನೆ.